ಜೇಡ್ ಎಂಪೈರ್: ಮುಂದುವರಿಸಲಾ, ಇಲ್ಲಿಗೇ ಬಿಡಲಾ?

ಬಳ್ಳಾರಿ_ಕೋಟೆ:
ಎಲ್ಲರಿಗೂ ನಮಸ್ಕಾರ. ಸೇಲ್‌ನಲ್ಲಿ ಜೇಡ್ ಎಂಪೈರ್ ಅನ್ನೋ ಗೇಮ್ ತಗೊಂಡೆ, ಪಿಸಿಯ ಸ್ಪೆಷಲ್ ಎಡಿಷನ್. ಬಯೋವೇರ್‌ನವರು 2003ರಲ್ಲಿ ಮಾಡಿದ ಸ್ಟಾರ್ ವಾರ್ಸ್ ಗೇಮ್ ನನಗೆ ಪ್ರಾಣ. ಅದೇ ಕಂಪನಿ 2005ರಲ್ಲಿ ಚೀನಾದ ಪುರಾಣ, ಕುಂಗ್ ಫೂ ಎರಡನ್ನೂ ಇಟ್ಟುಕೊಂಡು ಆರ್‌ಪಿಜಿ (ಕಥೆಯ ಒಂದು ಪಾತ್ರವಾಗಿ ಆಡೋ ಗೇಮ್) ಮಾಡಿದೆ ಅಂದ ಮೇಲೆ ಆಸೆ ಜಾಸ್ತಿಯೇ ಇತ್ತು. ಟೂ ರಿವರ್ಸ್ ಊರು, ಗುರು ಲೀ, ಸಂಗೀತ, ಎಲ್ಲ ಹಿಡಿಸಿತು. ಬೇಜಾರಾಗಿದ್ದು ಹೊಡೆದಾಟದಲ್ಲಿ, ಅಂದ್ರೆ ಯಾವುದಕ್ಕೆ ಅಂತ ಗೇಮ್ ತಗೊಂಡೆನೋ ಅದರಲ್ಲೇ.

ಶತ್ರು ಹತ್ತಿರ ಬಂದ ಕೂಡಲೇ ಅವನ ತಲೆ ಮೇಲಿಂದ ಹಾರಿ ಹಿಂದೆ ಇಳಿಯೋದು, ಅವನು ತಿರುಗುವಷ್ಟರಲ್ಲಿ ಮೂರ್ನಾಲ್ಕು ಏಟು ಹಾಕೋದು, ಮತ್ತೆ ಹಾರೋದು. ಪೆಟ್ಟು ಬಿದ್ದರೆ ಚೀ, ಅಂದ್ರೆ ಒಳಗಿನ ಶಕ್ತಿ, ಬಳಸಿ ಅಲ್ಲೇ ವಾಸಿ ಮಾಡಿಕೊಳ್ಳೋದು. ಇಷ್ಟರಲ್ಲೇ ಎಲ್ಲರೂ ಬೀಳುತ್ತಾರೆ. ನಮ್ಮ ಓಣಿಯ ಗರಡಿಯಲ್ಲಿ ಹುಡುಗರು ಒಂದೇ ಪಟ್ಟನ್ನು ತಿಂಗಳುಗಟ್ಟಲೆ ತಿದ್ದಿಕೊಳ್ಳುತ್ತಾರೆ, ಇಲ್ಲಿ ಹೊಸ ವರಸೆ ಕಲಿಯೋದು ಅಂದ್ರೆ ಪಾಯಿಂಟ್ ಹಾಕಿ ಏಟಿನ ಜೋರು, ವೇಗ ಏರಿಸೋದು ಅಷ್ಟೇ. ಮುಂದೆ ಏನಾದರೂ ಬದಲಾಗುತ್ತಾ?

ರಾಯಚೂರು_ಬಿಸಿಲು:
ಬ್ರೋ, ಮೊದಲು ಆಪ್ಷನ್ಸ್‌ಗೆ ಹೋಗಿ ಕಷ್ಟದ ಮಟ್ಟವನ್ನು ಗ್ರ್ಯಾಂಡ್ ಮಾಸ್ಟರ್ ಮಾಡು. ಆಮೇಲೆ ಆ ಹಾರೋದನ್ನು ಬಿಟ್ಟು ಹಾರ್ಮೋನಿಕ್ ಕಾಂಬೋ ಕಲಿ, ಅಂದ್ರೆ ಎರಡು ವರಸೆ ಜೋಡಿಸಿ ಹೊಡೆಯೋದು. ಹೆವನ್ಲಿ ವೇವ್ ಥರದ ಸಪೋರ್ಟ್ (ಶತ್ರುವನ್ನು ಕುಗ್ಗಿಸೋ) ವರಸೆಯಿಂದ ಒಂದು ಏಟು ಹಾಕಿ, ತಕ್ಷಣ ಮಾರ್ಷಲ್ (ಕೈಕಾಲಿನ ಹೊಡೆತದ) ವರಸೆಗೆ ಬದಲಾಗಿ ಜೋರಾದ ಏಟು ಕೊಟ್ಟರೆ ಸಾಮಾನ್ಯ ಶತ್ರು ಅಲ್ಲೇ ಮುಗಿಯುತ್ತಾನೆ. ಹೊಡೆದಾಟಕ್ಕೆ ರುಚಿ ಬರೋದು ಆಗಲೇ. ದೆವ್ವಗಳಿಗೆ ಕತ್ತಿ, ಕೋಲು ತಾಗಲ್ಲ, ಅಲ್ಲೂ ವರಸೆ ಬದಲಿಸಲೇಬೇಕು.

ಆದರೆ ನೀನು ಹೇಳಿದ್ದೂ ನಿಜ. ಬದಲಿಸು ಅಂತ ಗೇಮ್ ಒತ್ತಾಯ ಮಾಡೋದು ಅಲ್ಲೊಂದು ಇಲ್ಲೊಂದು ಕಡೆ ಮಾತ್ರ. ಮಿಕ್ಕ ಕಡೆ ಇಷ್ಟೊಂದು ವರಸೆ ಇದ್ದೂ ಕೆಲಸ ಇಲ್ಲ.

ಮುನಿರಾಬಾದ್_ಹುಡುಗ:
ನನಗೆ ಹೊಡೆದಾಟಕ್ಕಿಂತ ಜಾಸ್ತಿ ನಿರಾಸೆ ಆಗಿದ್ದು ಗೇಮ್ ನಮ್ಮ ಆಯ್ಕೆಗೆ ಇಡೋ ಎರಡು ಬದುಕಿನ ದಾರಿಗಳಿಂದ. ಓಪನ್ ಪಾಮ್ ಅಂದ್ರೆ ಲೋಕದ ಜೊತೆ ಹೊಂದಿಕೊಂಡು, ಇನ್ನೊಬ್ಬರಿಗೆ ನೆರವಾಗೋದು. ಕ್ಲೋಸ್ಡ್ ಫಿಸ್ಟ್ ಅಂದ್ರೆ ಕೆಟ್ಟತನ ಅಲ್ಲ, ತನ್ನ ಕಾಲ ಮೇಲೆ ತಾನು ನಿಲ್ಲೋದು, ಕಷ್ಟ ಬಂದರೇ ಮನುಷ್ಯ ಗಟ್ಟಿಯಾಗೋದು. ಶುರುವಿನಲ್ಲಿ ಗೇಮೇ ಹೀಗೆ ಹೇಳುತ್ತದೆ. ಎಷ್ಟು ಒಳ್ಳೆ ಯೋಚನೆ ಅಲ್ವಾ? ಆಡ್ತಾ ಹೋದರೆ ಕ್ಲೋಸ್ಡ್ ಫಿಸ್ಟ್ ಅಂದ್ರೆ ಬಡವರನ್ನು ಬೈಯೋದು, ದುಡ್ಡು ಕೀಳೋದು, ಸುಮ್ನೆ ಕೊಲ್ಲೋದು.

ಟೀನ್ಸ್ ಲ್ಯಾಂಡಿಂಗ್ ಊರಿಗೆ ಬಂದಾಗ ನೋಡು. ಅಲ್ಲಿ ಅಣೆಕಟ್ಟು ತೆರೆದು ನೀರೆಲ್ಲ ಹರಿದುಹೋಗಿದೆ, ದೋಣಿ ಓಡಲ್ಲ, ಊರಿನ ಬದುಕೇ ನಿಂತಿದೆ. ಅದನ್ನು ಮುಚ್ಚಬಹುದು, ಇಲ್ಲ ಮತ್ತೆಂದೂ ಮುಚ್ಚದ ಹಾಗೆ ಹಾಳು ಮಾಡಬಹುದು. ನಾನು ತುಂಗಭದ್ರಾ ಡ್ಯಾಮಿನ ಪಕ್ಕದಲ್ಲೇ ಬೆಳೆದವನು. 2024ರ ಆಗಸ್ಟ್‌ನಲ್ಲಿ 19ನೇ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋದಾಗ, ರಿಪೇರಿಗೆ ಅಂತ ಬೇರೆ ಗೇಟುಗಳಿಂದಲೂ ನೀರು ಬಿಟ್ಟರಲ್ಲ, ಆಗ ಹೊಲ ಇರೋರೆಲ್ಲ ಬೆಳೆ ಗತಿ ಏನು ಅಂತ ನದಿ ಕಡೆ ನೋಡ್ತಾ ನಿಂತಿದ್ದು ಇನ್ನೂ ಕಣ್ಣಲ್ಲಿದೆ. ಅಂಥ ವಿಷಯ ಕೈಗೆ ಸಿಕ್ಕಿರುವಾಗ ಊರವರಿಗೆ ಬೇರೆ ದಾರಿ ಕಲಿಸೋದು, ಅವರೇ ಹೋರಾಡುವ ಹಾಗೆ ಮಾಡೋದು, ಇಂಥದ್ದೊಂದು ಆಯ್ಕೆ ಇಟ್ಟಿದ್ದರೆ ಕ್ಲೋಸ್ಡ್ ಫಿಸ್ಟ್‌ಗೆ ಬೆಲೆ ಬರುತ್ತಿತ್ತು. ಒಬ್ಬ ಒಳ್ಳೆಯವನು, ಒಬ್ಬ ಕೆಟ್ಟವನು, ಅಷ್ಟಕ್ಕೇ ನಿಲ್ಲಿಸಿಬಿಟ್ಟಿದ್ದಾರೆ. ನನಗೆ ನಿಜವಾಗಿಯೂ ಹೊಟ್ಟೆ ಉರಿಯಿತು.

ಸಿಂಧನೂರು_ಭತ್ತ:
ಎಲ್ಲ ಒಪ್ಪಿದೆ, ಆದರೂ ಬಿಡಬೇಡಿ ಅಣ್ಣಾ. ಕೊನೇ ಭಾಗದಲ್ಲಿ ಕಥೆ ತಗೊಳ್ಳುವ ತಿರುವಿಗೋಸ್ಕರವಾದರೂ ಆಡಿ, ಅದೇನು ಅಂತ ಹೇಳಲ್ಲ. ಜೊತೆಗಾರರು ತುಂಬಾ ಚೆನ್ನಾಗಿದ್ದಾರೆ. ಹೆನ್‌ಪೆಕ್ಡ್ ಹೌ ಅಂತ ಒಬ್ಬ ಇದ್ದಾನೆ, ಅವನು ಜೊತೆಗಿದ್ದರೆ ಹೊಡೆದಾಟದ ಮಧ್ಯೆ ಹೆಂಡದ ಕೊಡ ಎಸೆಯುತ್ತಾನೆ, ಅದನ್ನು ಕುಡಿದು ಡ್ರಂಕನ್ ಮಾಸ್ಟರ್ ವರಸೆಯಲ್ಲಿ ಹೊಡೆದಾಡಬಹುದು. ಒಂದು ಸಲಕ್ಕೆ ಒಬ್ಬರನ್ನೇ ಕರೆದುಕೊಂಡು ಹೋಗಲು ಆಗೋದು ಮಾತ್ರ ಬೇಸರ.

ಇನ್ನೊಂದು, ದೊಡ್ಡ ಗೇಮ್ ಅಂತ ಹೆದರಬೇಡಿ. ಆರ್‌ಪಿಜಿ ಲೆಕ್ಕದಲ್ಲಿ ಚಿಕ್ಕದು, ಇಪ್ಪತ್ತು ಗಂಟೆ ಆಸುಪಾಸಿನಲ್ಲಿ ಮುಗಿಯುತ್ತದೆ. ಇಂಪೀರಿಯಲ್ ಸಿಟಿಯಲ್ಲಿ ಕುಸ್ತಿ ಅಖಾಡದಂಥ ಅರೇನಾ ಇದೆ, ಅಲ್ಲಿಯವರೆಗಾದರೂ ಹೋಗಿ.

ಬಳ್ಳಾರಿ_ಕೋಟೆ:
ಥ್ಯಾಂಕ್ಸ್ ಎಲ್ಲರಿಗೂ. ಗ್ರ್ಯಾಂಡ್ ಮಾಸ್ಟರ್ ಮಾಡಿದೆ, ಹಾರೋದು ಬಿಟ್ಟೆ, ಮೊದಲನೇ ಜಗಳದಲ್ಲೇ ಸರಿಯಾಗಿ ಒದೆ ತಿಂದೆ. ಕಾಂಬೋ ಒಂದು ಸಲ ಕೂತಾಗ ಮಾತ್ರ ಖುಷಿಯಾಯಿತು. ಅರೇನಾವರೆಗೂ ಆಡ್ತೀನಿ. ಮುನಿರಾಬಾದ್ ಅವರೇ, ಆ ಅಣೆಕಟ್ಟಿನ ಹತ್ತಿರ ಹೋದಾಗ ಮತ್ತೆ ಬರೆಯುತ್ತೇನೆ, ನಾನು ಅದನ್ನು ಮುಚ್ಚುವವನೇ.