ಮೂಲೆ ಮನೆಯ ಕಿಟಕಿ ಕೀಳುತ್ತಿದ್ದಾರೆ, ಇವತ್ತೇ ಏನಾದರೂ ಮಾಡಬೇಕು

ಮನೆ 14: ಎಲ್ಲರಿಗೂ ನಮಸ್ಕಾರ. ಮೂಲೆಯ ಹಳೇ ಮನೆಯಲ್ಲಿ ಬೆಳಿಗ್ಗೆಯಿಂದ ಕೆಲಸ ಶುರುವಾಗಿದೆ. ರಸ್ತೆ ಕಡೆಯ ಎರಡು ಮರದ ಕಿಟಕಿ ಕಿತ್ತು ಹೊರಗಿಟ್ಟಿದ್ದಾರೆ. ಅಲ್ಯೂಮಿನಿಯಂ ಫ್ರೇಮ್ ಬಂದು ಇಳಿದಿದೆ. ಆ ಮನೆ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿದೆ. ಅನುಮತಿ ತಗೊಂಡಿದ್ದಾರಾ, ಯಾರಿಗಾದರೂ ಗೊತ್ತಾ?

ಮನೆ 9: ಸುಮ್ನೆ ಕೇಳುತ್ತಾ ಕೂತರೆ ನಾಳೆ ಉಳಿದ ಕಿಟಕಿಗಳೂ ಹೋಗುತ್ತವೆ. ನೇರವಾಗಿ ಕೋರ್ಟಿಗೆ ಹೋಗಿ ತಡೆಯಾಜ್ಞೆ ತರೋಣ.

ಮನೆ 22: ಸ್ವಲ್ಪ ನಿಲ್ಲಿ ಸರ್. ಅದು ಅವರ ಸ್ವಂತ ಮನೆ. ಮಳೆ ಬಂದಾಗ ಆ ಕಿಟಕಿಯಿಂದ ನೀರು ಒಳಗೆ ಇಳಿಯೋದನ್ನು ನಾನೇ ನೋಡಿದ್ದೇನೆ. ಪಟ್ಟಿಗೆ ಸೇರಿಸಿದವರು ರಿಪೇರಿಗೆ ದುಡ್ಡು ಕೊಟ್ಟಿದ್ದಾರಾ?

ಮನೆ 5: ವಕೀಲಳಾಗಿ ಇಂಥ ಕೆಲವು ಕೇಸು ನೋಡಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. 22ರವರ ಮಾತನ್ನು ತಳ್ಳಿಹಾಕಬೇಡಿ. 'ನನ್ನ ಆಸ್ತಿ, ನನ್ನ ಇಷ್ಟ' ಅನ್ನೋ ವಾದ ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಗಿತ್ತು. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ಮೇಲೆ 50ಕ್ಕೂ ಜಾಸ್ತಿ ಮಹಡಿಯ ಕಟ್ಟಡ ಎಬ್ಬಿಸಲು ಮಾಲೀಕ ಕಂಪನಿ ಹೊರಟಿತ್ತು. ಪಾರಂಪರಿಕ ಕಟ್ಟಡಗಳನ್ನು ನೋಡಿಕೊಳ್ಳುವ ನಗರದ ಆಯೋಗ ಒಪ್ಪಲಿಲ್ಲ. 1978ರಲ್ಲಿ 6–3ರ ಬಹುಮತದಿಂದ ನಗರವೇ ಗೆದ್ದಿತು. ಯಾಕೆ ಗೆದ್ದಿತು ಅನ್ನೋದು ನಮಗೆ ಮುಖ್ಯ. ನಿಲ್ದಾಣವನ್ನು ಮುಂಚಿನ ಹಾಗೇ ನಡೆಸಿ ಆದಾಯ ಪಡೆಯಲು ಮಾಲೀಕರಿಗೆ ಅಡ್ಡಿ ಇರಲಿಲ್ಲ. ಕಟ್ಟಲಾಗದ ಮಹಡಿಗಳ ಹಕ್ಕನ್ನು ಹತ್ತಿರದ ಬೇರೆ ಜಾಗಕ್ಕೆ ವರ್ಗಾಯಿಸಲೂ ಅವಕಾಶ ಇತ್ತು. ಅಂದರೆ ಮಾಲೀಕರ ಕಷ್ಟವನ್ನೂ ಕೋರ್ಟ್ ತೂಗಿ ನೋಡುತ್ತದೆ. 'ಏನನ್ನೂ ಮುಟ್ಟಬೇಡಿ' ಅಂತ ಹೋದರೆ ನಮ್ಮ ವಾದ ನಿಲ್ಲೋದು ಕಷ್ಟ.

ಮನೆ 9: ಅದು ಸರಿ ಮೇಡಂ. ಆದರೆ ಕಿತ್ತ ಮೇಲೆ ಹೋದದ್ದು ಹೋಯ್ತು ಅಲ್ವಾ?

ಮನೆ 5: ಹಾಗೇನಿಲ್ಲ. ಲಂಡನ್ನಿನಲ್ಲಿ ಕಾರ್ಲ್‌ಟನ್ ಟ್ಯಾವರ್ನ್ ಅನ್ನೋ ಹಳೇ ಪಬ್ ಇತ್ತು. ಪಟ್ಟಿಗೆ ಸೇರಿಸುವ ಪರಿಶೀಲನೆ ನಡೆಯುತ್ತಿದ್ದಾಗಲೇ, 2015ರಲ್ಲಿ, ಅನುಮತಿ ಇಲ್ಲದೆ ಕೆಡವಿಬಿಟ್ಟರು. ಇದ್ದ ಹಾಗೇ ಮತ್ತೆ ಕಟ್ಟಿ ಅಂತ ಸ್ಥಳೀಯ ಆಡಳಿತ ಆದೇಶ ಮಾಡಿತು. 2021ರಲ್ಲಿ ಅದೇ ಜಾಗದಲ್ಲಿ ಬಾಗಿಲು ತೆರೆಯಿತು. ಮುಂಚೆ ಕಟ್ಟಡ ಹೇಗಿತ್ತು ಅನ್ನೋದಕ್ಕೆ ದಾಖಲೆ ಇಲ್ಲದಿದ್ದರೆ ಇಂಥ ಆದೇಶ ಜಾರಿಯಾಗೋದು ಕಷ್ಟ. ಹಾಗಾಗಿ ಹಳೇ ಫೋಟೋ ಯಾರ ಹತ್ತಿರ ಇದ್ದರೂ ತಾರೀಖು ಸಮೇತ ಇಲ್ಲಿ ಹಾಕಿ. ಫೋಟೋದ ಹಿನ್ನೆಲೆಯಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಆ ಕಿಟಕಿ ಕಂಡರೂ ಸಾಕು.

ಮೂಲೆ ಮನೆ: ನಾನೂ ಈ ಗುಂಪಿನಲ್ಲೇ ಇದ್ದೇನೆ. ಎಲ್ಲ ಓದಿದೆ. ಮನೆ ಕೊಂಡಾಗ ಪಟ್ಟಿಯ ವಿಷಯ ನಮಗೆ ಯಾರೂ ಹೇಳಲಿಲ್ಲ. ಅಮ್ಮನಿಗೆ ಉಸಿರಾಟದ ತೊಂದರೆ, ಗೋಡೆಯೆಲ್ಲ ತೇವ. ಅದಕ್ಕೇ ಕಿತ್ತಿಸಿದೆ. ಈಗ ಏನು ಮಾಡಲಿ?

ಮನೆ 5: ನೀವು ಮಾತಾಡಿದ್ದು ಒಳ್ಳೆಯದಾಯಿತು. ಗೊತ್ತಿರಲಿಲ್ಲ ಅನ್ನೋ ಕಾರಣ ಸಾಮಾನ್ಯವಾಗಿ ಕಾಪಾಡೋದಿಲ್ಲ. ಇಂಗ್ಲೆಂಡಿನಲ್ಲಂತೂ ಹಿಂದಿನ ಮಾಲೀಕ ಮಾಡಿದ ಬದಲಾವಣೆಯನ್ನೂ ಇವತ್ತಿನ ಮಾಲೀಕ ಸರಿಪಡಿಸಬೇಕಾಗಬಹುದು, ಅದಕ್ಕೆ ಕಾಲಮಿತಿಯೇ ಇಲ್ಲ. ಇವತ್ತು ಮಾಡಬೇಕಾದ್ದು ಇಷ್ಟು. ಕೆಲಸ ನಿಲ್ಲಿಸಿ. ಕಿತ್ತ ಮರಕ್ಕೆಲ್ಲ ನಂಬರ್ ಬರೆದು ಒಣಗಿದ ಜಾಗದಲ್ಲಿಡಿ, ಯಾವ ಕಾರಣಕ್ಕೂ ಗುಜರಿಗೆ ಹಾಕಬೇಡಿ. ನಡೆದದ್ದನ್ನೆಲ್ಲ ಬರೆದು, ಅನುಮತಿ ಕೊಡುವ ಕಚೇರಿಗೆ ನೀವೇ ಕೊಡಿ. ಅದಕ್ಕೂ ಮುಂಚೆ ಪಟ್ಟಿಯಲ್ಲಿ ನಿಮ್ಮ ಮನೆಯ ವಿವರಣೆ ಓದಿ. ಬರೀ ಮುಂಭಾಗವೋ, ಒಳಗಿನದ್ದೂ ಸೇರಿದೆಯೋ ಅನ್ನೋದರ ಮೇಲೆ ಎಲ್ಲ ನಿಂತಿದೆ.

ಮನೆ 31: ನಾನು ಮರಗೆಲಸದವನು. ಹೊರಗಿಟ್ಟಿದ್ದನ್ನು ಈಗಷ್ಟೇ ನೋಡಿ ಬಂದೆ. ಮೇಲಿನ ಮರ ಗಟ್ಟಿಯಾಗಿದೆ, ಕೊಳೆತಿರೋದು ಕೆಳಗಿನ ಅಡ್ಡ ಮರ ಮಾತ್ರ. ಅಷ್ಟನ್ನೇ ಕತ್ತರಿಸಿ ಹೊಸ ಮರ ಜೋಡಿಸಬಹುದು. ಒಳಗಡೆಯಿಂದ ಇನ್ನೊಂದು ಗಾಜಿನ ಬಾಗಿಲು ಕೂರಿಸಿದರೆ ಗಾಳಿ, ಎರಚಲು ನಿಲ್ಲುತ್ತದೆ.

ಮನೆ 5: ಜೋಡಿಸಿದ ಭಾಗ ಹಳೆಯದಕ್ಕೆ ಹೊಂದಬೇಕು, ಆದರೆ ಹೊಸದು ಅಂತ ಗುರುತೂ ಸಿಗಬೇಕು. ಹಳೇ ಕಟ್ಟಡಗಳ ಸಂರಕ್ಷಣೆ ಬಗ್ಗೆ 1964ರಲ್ಲಿ ಆದ ಅಂತರರಾಷ್ಟ್ರೀಯ ಒಡಂಬಡಿಕೆ, ವೆನಿಸ್ ಸನ್ನದು, ಹೇಳೋದೂ ಇದನ್ನೇ. ರಿಪೇರಿಗೆ ಅನುಮತಿ ಕೇಳುವ ಅರ್ಜಿಯಲ್ಲಿ ಹೀಗೇ ಬರೆಯಿರಿ.

ಮನೆ 9: ನಾನು ಒಪ್ಪುತ್ತೇನೆ, ಆದರೆ ಕೆಲಸ ನಿಲ್ಲಿಸಿದ್ದೀರಿ ಅಂತ ಬರಹದಲ್ಲಿ ಬೇಕು. ಬೇಜಾರು ಮಾಡ್ಕೋಬೇಡಿ.

ಮೂಲೆ ಮನೆ: ಕೊಡುತ್ತೇನೆ ಸರ್. ಆದರೆ ರಾತ್ರಿ ಮಳೆ ಬಂದರೆ? ಎರಡು ಕಡೆ ಬರೀ ತೂತು ಇದೆ.

ಮನೆ 22: ಟಾರ್ಪಾಲು ನಮ್ಮಲ್ಲಿದೆ. ಮೊಳೆ ಹೊಡೆಯಬೇಡಿ, ಹಗ್ಗದಲ್ಲಿ ಕಟ್ಟೋಣ. 14ರವರೇ, ಏಣಿ ತರ್ತೀರಾ?