ಕರೆಂಟ್‌ಗೂ ಸಿಮ್ ಥರ ಪೋರ್ಟ್ ಬಂದರೆ ಮನೆಯವರ ಗತಿ ಏನು?

ಗೋಕುಲ ರಸ್ತೆ ಅಂಗಡಿಯವ: ಹುಬ್ಬಳ್ಳಿಯಲ್ಲಿ ಕರೆಂಟ್ ಅಂದರೆ ಹೆಸ್ಕಾಂ ಒಂದೇ. ಒಂದೇ ಊರಲ್ಲಿ ಹಲವು ಕಂಪನಿಗಳು, ಇರುವ ತಂತಿಯಲ್ಲೇ ಕರೆಂಟ್ ಮಾರಬಹುದು ಅಂತ 2022ರ ಆಗಸ್ಟ್‌ನಲ್ಲಿ ಲೋಕಸಭೆಗೆ ಮಸೂದೆ ಬಂದಿತ್ತು. ಸ್ಥಾಯಿ ಸಮಿತಿಗೆ ಹೋಯಿತು. ಮುಂಬೈ ಉಪನಗರದ ಜನ ಟಾಟಾ ಬೇಕೋ ಅದಾನಿ ಬೇಕೋ ಆರಿಸಿಕೊಳ್ಳುತ್ತಾರೆ. ನಮಗೆ ಯಾಕೆ ಬೇಡ?

ಉಣಕಲ್ ಮೇಷ್ಟ್ರು: ಸಿಮ್ ಬೇರೆ, ಕರೆಂಟ್ ಬೇರೆ ರೀ. ಕಂಪನಿ ಬದಲಾದರೂ ಕಂಬ ಅದೇ, ಟಿಸಿ (ಟ್ರಾನ್ಸ್‌ಫಾರ್ಮರ್) ಅದೇ, ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್ನೂ ಅವನೇ. ಬದಲಾಗುವುದು ಬಿಲ್ ಮಾತ್ರ. ಇನ್ನೊಂದು ಮಾತು. ಕಾರ್ಖಾನೆಗಳು ಕೊಡುವ ಜಾಸ್ತಿ ದರ ಮನೆಗಳ ಭಾರವನ್ನು ಅಷ್ಟಿಷ್ಟು ಹೊತ್ತುಕೊಂಡು ಬಂದಿದೆ. ಹೊಸ ಕಂಪನಿ ಮೊದಲು ಹೋಗುವುದು ತಾರಿಹಾಳದ ಫ್ಯಾಕ್ಟರಿ ಬಾಗಿಲಿಗೆ, ನಮ್ಮ ಓಣಿಗಲ್ಲ. ಅವರೆಲ್ಲ ಆ ಕಡೆ ಹೋದರೆ ಉಳಿದ ಖರ್ಚು ಯಾರ ಮೇಲೆ?

ಹಾವೇರಿ ಅಕ್ಕ: 2021ರ ಫೆಬ್ರುವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಏನಾಯಿತು ನೋಡಿ. ಹಿಮ ಬಿದ್ದು ವಿದ್ಯುತ್ ಘಟಕಗಳು ನಿಂತವು. ಸಗಟು ದರ ಯೂನಿಟ್‌ಗೆ 9 ಡಾಲರ್ ಮುಟ್ಟಿತು. ಒಂದೇ ದರದ ಪ್ಲಾನ್ ಇದ್ದವರು ಬಚಾವಾದರು. ಮಾರುಕಟ್ಟೆ ದರ ಇದ್ದಂತೆ ಕೊಡುವ ಪ್ಲಾನ್ ತಗೊಂಡ ಮನೆಗಳಿಗೆ ಸಾವಿರಾರು ಡಾಲರ್ ಬಿಲ್! ಅದೇ ವರ್ಷ ಅಲ್ಲಿ ಮನೆಗಳಿಗೆ ಅಂಥ ಪ್ಲಾನ್ ಮಾರಬಾರದು ಅಂತ ಕಾನೂನು ಬಂತು. ಜನ ಕಷ್ಟಪಟ್ಟ ಮೇಲೆ.

ಗೋಕುಲ ರಸ್ತೆ ಅಂಗಡಿಯವ: ಅಂಥ ಪ್ಲಾನ್ ಇಲ್ಲಿಯೂ ಮನೆಗೆ ಬೇಡ, ಒಪ್ಪಿದೆ. ಆದರೆ ಆ ಮಸೂದೆಯಲ್ಲಿ ದರಕ್ಕೆ ಮೇಲಿನ ಮಿತಿಯನ್ನು ವಿದ್ಯುತ್ ದರ ನಿಗದಿ ಮಾಡುವ ಆಯೋಗವೇ ಹಾಕಬೇಕು ಅಂತ ಇತ್ತಲ್ಲ?

ಹಾವೇರಿ ಅಕ್ಕ: ಮಿತಿ ಒಂದೇ ಸಾಲದು ಅಣ್ಣಾ. ಬ್ರಿಟನ್‌ನಲ್ಲಿ 2019ರಿಂದ ಮಿತಿ ಇದೆ. 2021ರಲ್ಲಿ ಗ್ಯಾಸ್ ದುಬಾರಿಯಾಗಿ 25ಕ್ಕೂ ಹೆಚ್ಚು ಕಂಪನಿಗಳು ಬಾಗಿಲು ಹಾಕಿದವು. ಆ ಮನೆಗಳನ್ನು ನಿಯಂತ್ರಕರೇ ಬೇರೆ ಕಂಪನಿಗೆ ಸೇರಿಸಿದರು, ದೀಪ ಆರಲಿಲ್ಲ. ಆದರೆ ಅದರ ಖರ್ಚು ಎಲ್ಲರ ಬಿಲ್‌ಗೂ ಬಂತು.

ಗದಗ ಬೆಟಗೇರಿ: ನನ್ನ ಚಿಂತೆ ಅವ್ವನದು. ಮೀಟರ್ ಓದುವವನು ಕೊಟ್ಟ ಚೀಟಿಯನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು, ರೀಡಿಂಗನ್ನು ಕ್ಯಾಲೆಂಡರ್ ಮೇಲೆ ಪೆನ್ಸಿಲ್‌ನಿಂದ ಬರೆದಿಡುತ್ತಾಳೆ. ಹಳೆಯ ತಿಂಗಳ ರೀಡಿಂಗ್ ಕಳೆದು ನೋಡುತ್ತಾಳೆ. ಇಷ್ಟು ಹುಷಾರಿದ್ದರೂ, ಇಂಟರ್‌ನೆಟ್ ಮಾರಲು ಬಂದ ಹುಡುಗ ಮೂರು ತಿಂಗಳ ದರ ಮಾತ್ರ ಹೇಳಿದ. ನಾಲ್ಕನೇ ತಿಂಗಳು ಬಿಲ್ ದುಪ್ಪಟ್ಟು. ನಾಳೆ ಕರೆಂಟ್ ಮಾರಲು ಬರುವವನೂ ಹಾಗೇ ಮಾಡಿದರೆ? ಗೃಹಜ್ಯೋತಿ ಆಕೆಯ ಆರ್‌ಆರ್ ನಂಬರ್ ಜೊತೆ ಹೊಸ ಕಂಪನಿಗೂ ಹೋಗುತ್ತದಾ, ಇಲ್ಲೇ ನಿಲ್ಲುತ್ತದಾ?

ಉಣಕಲ್ ಮೇಷ್ಟ್ರು: ಒಳ್ಳೆ ಪ್ರಶ್ನೆ. ಸಬ್ಸಿಡಿ ಕೊಡುವುದಾದರೆ ಸರಕಾರ ಮುಂಗಡ ಹಣ ಕಟ್ಟಬೇಕು ಅಂತ 2003ರ ಕಾಯ್ದೆಯ 65ನೇ ಕಲಂ ಹೇಳುತ್ತದೆ. ಯಾವ ಕಂಪನಿಗೆ ಹೋದರೂ ಅದು ಗ್ರಾಹಕನ ಜೊತೆಗೇ ಹೋಗಬೇಕು ಅಂತ ಮೊದಲೇ ಬರೆಸಿಕೊಳ್ಳಬೇಕು. ಯಾರನ್ನೂ ಆರಿಸದೆ ಸುಮ್ನೆ ಕೂತ ಮನೆಗೂ ಆಯೋಗ ಹೇಳಿದ ದರವೇ ಇರಬೇಕು. ಆರಿಸಲಿಲ್ಲ ಅಂತ ಮುದುಕರಿಗೆ ದಂಡವೇ?

ಗೋಕುಲ ರಸ್ತೆ ಅಂಗಡಿಯವ: ಈ ಎರಡೂ ಇದ್ದರೆ ಮಾತ್ರ ನಾನೂ ಪೋರ್ಟ್ ಬೇಕು ಅನ್ನುತ್ತೇನೆ. ಮೇಷ್ಟ್ರೇ, ದರದ ಅರ್ಜಿ ಮೇಲೆ ಆಯೋಗ ಆಕ್ಷೇಪಣೆ ಕರೆದಾಗ ಇವನ್ನೇ ಬರೆದು ಕಳಿಸೋಣ. ಕರಡು ನೀವು ಬರೆಯಿರಿ, ನಮ್ಮ ಓಣಿಯ ಸಹಿ ನಾನು ತರುತ್ತೇನೆ.

ಗದಗ ಬೆಟಗೇರಿ: ಅವ್ವನ ಸಹಿಯೂ ಇರಲಿ. ಕ್ಯಾಲೆಂಡರ್ ಫೋಟೋ ಬೇಕಾದರೆ ಕಳಿಸುತ್ತೇನೆ.