'ಇನ್ಫರ್ಮೇಶನ್ ಫ್ಲುಯೆನ್ಸಿ'ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಒಂದು ಕಾಲೇಜಿನ ಲೈಬ್ರರಿಯಲ್ಲಿ ನನ್ನ ಕೆಲಸ. ಡಿಗ್ರಿಗೆ ಹೊಸದಾಗಿ ಸೇರಿದ ಮಕ್ಕಳಿಗೆ ಒಂದು ತರಗತಿ ಉಂಟು, ಅದಕ್ಕೆ ಮೂರು ಭಾಷೆಯಲ್ಲಿ ಪೋಸ್ಟರ್ ಬೇಕು. ಇಂಗ್ಲಿಷಿನಲ್ಲಿ 'ಇನ್ಫರ್ಮೇಶನ್ ಫ್ಲುಯೆನ್ಸಿ'. ಮಲಯಾಳದವರು 'ವಿವರಂ' ಹಿಡಿದು ಏನೋ ಕಟ್ಟಿಕೊಂಡರು. ಕನ್ನಡದ್ದು ನನ್ನ ತಲೆಗೆ ಬಿತ್ತು.

'ಇನ್ಫರ್ಮೇಶನ್ ಲಿಟರೆಸಿ' ಹಳೆಯ ಮಾತು, 1974ರಲ್ಲಿ ಅಮೆರಿಕದ ಮಾಹಿತಿ ಉದ್ಯಮದವರ ಸಂಘದ ಅಧ್ಯಕ್ಷ ಪಾಲ್ ಜುರ್ಕೋವ್ಸ್ಕಿ ಬಳಸಿದ್ದು. ಅದಕ್ಕೆ 'ಮಾಹಿತಿ ಸಾಕ್ಷರತೆ' ಅನ್ನುತ್ತೇವೆ, ತೊಂದರೆ ಇಲ್ಲ. ಫ್ಲುಯೆನ್ಸಿ ಆಮೇಲಿನದು. ಅಮೆರಿಕದ ದಕ್ಷಿಣದ ಲಿಬರಲ್ ಆರ್ಟ್ಸ್ ಕಾಲೇಜುಗಳ ಒಕ್ಕೂಟ, ಅಸೋಸಿಯೇಟೆಡ್ ಕಾಲೇಜಸ್ ಆಫ್ ದ ಸೌತ್, ಇದನ್ನು ಎತ್ತಿ ಹಿಡಿಯಿತು. ಹುಡುಕಲು ಗೊತ್ತಿರಬೇಕು, ಕಂಪ್ಯೂಟರ್ ಬಳಸಲು ಗೊತ್ತಿರಬೇಕು, ಸಿಕ್ಕಿದ್ದನ್ನು ತೂಗಿ ನೋಡಲೂ ಬರಬೇಕು, ಮೂರೂ ಕೂಡಿದ ಕಡೆ ಫ್ಲುಯೆನ್ಸಿ ಅಂತ ಅವರ ಲೆಕ್ಕ. (ಲಿಬರಲ್ ಆರ್ಟ್ಸ್ ಅಂದರೆ ನಮ್ಮ 'ಆರ್ಟ್ಸ್ ಕಾಲೇಜು' ಅಲ್ಲ ಮಾರಾಯ್ರೆ, ಅಲ್ಲಿ ಗಣಿತ, ಸೈನ್ಸೂ ಉಂಟು. ಅದರ ಪದ ಇನ್ನೊಂದು ದಿನ ಕೇಳುತ್ತೇನೆ.)

ಈಗ 'ನಿರರ್ಗಳತೆ' ಅನ್ನಿ ಅಂತ ಎಲ್ಲರೂ ಹೇಳುತ್ತಾರೆ. ನನ್ನ ತಕರಾರು ಅಲ್ಲೇ. ಅರ್ಗಳ ಅಂದರೆ ಅಗುಳಿ. ನಿರರ್ಗಳ ಅಂದರೆ ಬಾಗಿಲಿಗೆ ಅಗುಳಿಯೇ ಇಲ್ಲ. ಭಾಷಣಕ್ಕೆ ಸರಿ, ಮಾಹಿತಿಗೆ? ಮೊನ್ನೆ ಒಬ್ಬಳು ಬಿ.ಎ. ಹುಡುಗಿ ತಂದ ಅಸೈನ್‌ಮೆಂಟಿನಲ್ಲಿ '1956ಕ್ಕೆ ಮೊದಲು ಕಾಸರಗೋಡು ಮೈಸೂರು ರಾಜ್ಯದಲ್ಲಿತ್ತು' ಅಂತ ಇತ್ತು. ಅವಳಿಗೆ ಮೂರು ಭಾಷೆ ಬರುತ್ತದೆ, ಫೋನಿನಲ್ಲಿ ಬೆರಳು ಓಡುವುದನ್ನು ನೋಡಬೇಕು. ಆದರೆ ನಾವು ಇದ್ದದ್ದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಅಲ್ವಾ? ಯಾರು ಬರೆದದ್ದು ಇದು ಅಂತ ಕೇಳಿದೆ. "ಗೂಗಲ್‌ನಲ್ಲಿ ಇತ್ತು ಸರ್." ಮನೆಯಲ್ಲಿ ಅಜ್ಜನ ಹತ್ತಿರ ಕೇಳಿದ್ದರೂ ಸಾಕಿತ್ತು.

'ಮಾಹಿತಿ ಪ್ರೌಢಿಮೆ' ಬಾಯಿಗೆ ಭಾರ. 'ಸರಾಗ'ದಲ್ಲಿ ಬರೀ ಓಟ ಉಂಟು. ನನಗೆ 'ಪಳಗು' ಇಷ್ಟ. ಅಡಿಕೆ ಸುಲಿಯುವವರನ್ನು ನೋಡಿ. ಕೈ ಪಳಗಿದವರು ಊರ ಸುದ್ದಿಯೆಲ್ಲ ಮಾತಾಡುತ್ತಲೇ ಸುಲಿಯುತ್ತಾರೆ, ಪಟೋರವೋ ಕರಿಗೋಟೋ (ಎರಡೂ ಕಡಿಮೆ ದರ್ಜೆಯ ಅಡಿಕೆ) ಬಂದರೆ ಮಾತು ನಿಲ್ಲುವುದಿಲ್ಲ, ಅಡಿಕೆ ಮಾತ್ರ ಬೇರೆ ಬುಟ್ಟಿಗೆ ಬಿದ್ದಿರುತ್ತದೆ. ಹಾಗಾಗಿ 'ಮಾಹಿತಿ ಪಳಗಿಕೆ' ಅನ್ನಬಹುದಾ? ಒಂದೇ ಅನುಮಾನ, ಪಳಗಿದ ಆನೆ ಅಂದ ಹಾಗೆ ಮಾಹಿತಿಯೇ ಪಳಗಿತು ಅಂತ ಕೇಳಿಸುತ್ತದೋ ಏನೋ.

ಇನ್ನೊಂದು ಪ್ರಶ್ನೆ. ಮಾಹಿತಿ ಹಕ್ಕಿಗೆ ಇಲ್ಲಿ 'ವಿವರಾವಕಾಶಂ' ಅನ್ನುತ್ತಾರೆ. ಅದೇ ಮಲಯಾಳದಲ್ಲಿ 'ವಿವರಮಿಲ್ಲಾತ್ತವನ್' ಅಂದರೆ ಬುದ್ಧಿ ಇಲ್ಲದವ. ಸುದ್ದಿಯೂ ಬುದ್ಧಿಯೂ ಒಂದೇ ಪದದಲ್ಲಿ! ಸ್ವಲ್ಪ ಹೊಟ್ಟೆಕಿಚ್ಚಾಯಿತು. ಕನ್ನಡದ 'ವಿವರ'ಕ್ಕೆ ಈ ಅರ್ಥ ನಿಮ್ಮ ಕಡೆ ಎಲ್ಲಾದರೂ ಉಂಟಾ? ಸೊಲ್ಲಾಪುರದ ಕಡೆಯವರಿಗೆ ಮರಾಠಿಯಲ್ಲೂ ಮಾಹಿತಿಯೇ, ಅವರು ಏನು ಹೇಳುತ್ತಾರೋ ನೋಡಬೇಕು. ಪೋಸ್ಟರ್ ಸೋಮವಾರ ಪ್ರಿಂಟಿಗೆ ಹೋಗುತ್ತದೆ.